ಚೌಬಾರಾದ ಅಂಗಡಿಯಿಂದ ಔರಾದಿನ ಬಾಕ್ಸಿನವರೆಗೆ

ಬೀದರಿನ ಹಳೇ ಊರಿನಲ್ಲಿ, ಚೌಬಾರಾದಿಂದ ಒಂದು ಗಲ್ಲಿ ಒಳಗೆ, ಕೇಬಲ್ ಟಿವಿಯಿಂದ ಫೈಬರಿಗೆ ಬಂದ ಆಪರೇಟರ್ ಒಬ್ಬರ ಅಂಗಡಿ ಇದೆ. ಗೋಡೆಗೆ ಸುತ್ತಿಟ್ಟ ಡ್ರಾಪ್ ಕೇಬಲ್, ಮೇಜಿನ ಮೇಲೆ ಫೈಬರ್ ಎಳೆ ಬೆಸೆಯುವ ಸ್ಪ್ಲೈಸಿಂಗ್ ಮಷಿನ್, ಮೂಲೆಯಲ್ಲಿ ಗಿರಾಕಿಗಳು ವಾಪಸ್ ಕೊಟ್ಟ ಬಾಕ್ಸ್‌ಗಳ ರಾಶಿ. ಇಷ್ಟು ಯಾವ ತಾಲ್ಲೂಕು ಊರಿನಲ್ಲೂ ಕಾಣಸಿಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಕಂಪ್ಯೂಟರ್ ಪರದೆ. ನಾಲ್ಕು ಬೇರೆ ಬೇರೆ ಕಂಪನಿಗಳ ಬಾಕ್ಸ್‌ಗಳು ಅಲ್ಲಿ ಒಂದೇ ಪಟ್ಟಿಯಲ್ಲಿದ್ದವು. ಬೀದರಿನವು, ಭಾಲ್ಕಿಯವು, ಔರಾದ್ ಕಡೆಯವು ಎಲ್ಲ ಅದರಲ್ಲೇ.

ಅಷ್ಟರಲ್ಲಿ ಫೋನ್ ಬಂತು. ಮಗಳ ನೀಟ್ ಕ್ಲಾಸ್ ನಡುನಡುವೆ ನಿಲ್ಲುತ್ತಿದೆ ಎಂದು ತಾಯಿಯೊಬ್ಬರ ದೂರು. ಆಪರೇಟರ್ ಪಟ್ಟಿಯಲ್ಲಿ ಆ ಮನೆಯ ಸಾಲು ಒತ್ತಿದರು. ಫೈಬರಿನ ಬೆಳಕು ಸರಿಯಾಗಿಯೇ ಬರುತ್ತಿತ್ತು. ಆದರೆ ಹುಡುಗಿಯ ಫೋನಿಗೆ ಸಿಗುತ್ತಿದ್ದ ವೈಫೈ ಸಿಗ್ನಲ್ ಮೈನಸ್ 80 ಡಿಬಿಎಂನ ಆಚೆ, ಅಂದರೆ ತೀರ ದುರ್ಬಲ. ನೆರೆಮನೆಗಳ ರೌಟರ್‌ಗಳೂ ಅದೇ ಚಾನೆಲ್‌ನಲ್ಲಿ ಗಿಜಿಗುಟ್ಟುತ್ತಿದ್ದವು. ಕೂತಲ್ಲಿಂದಲೇ ಚಾನೆಲ್ ಬದಲಿಸಿ ಹೇಳಿದರು: “ಅಕ್ಕಾರ, ನೆಟ್ ಬಾಕ್ಸ್ ತನಕ ಚಲೋ ಅದ. ಒಳಗಿನ ಖೋಲಿಗೆ ಮುಟ್ಲಾಕತ್ತಿಲ್ಲ. ಸದ್ಯಕ್ಕ ನಡೀತದ, ಸಂಜೀಗಿ ಹುಡುಗನ್ನ ಕಳಸ್ತೀನಿ, ಇನ್ನೊಂದು ಸಣ್ಣ ಬಾಕ್ಸ್ ಹಚ್ತಾನ.”

ಬೀದರಿನ ಹಳೇ ಮನೆಗಳನ್ನು ಬಲ್ಲವರಿಗೆ ಇದರ ಮರ್ಮ ಗೊತ್ತು. ಊರು ಕೂತಿರುವುದೇ ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಅಂಥ ಕಲ್ಲಿನ ದಪ್ಪ ಗೋಡೆ ಎರಡು ದಾಟುವಷ್ಟರಲ್ಲಿ ವೈಫೈ, ಅದರಲ್ಲೂ 5 ಗಿಗಾಹರ್ಟ್ಸ್‌ನದು, ಸೊರಗಿಹೋಗುತ್ತದೆ. ಆ ತಾಯಿ 100 ಎಂಬಿಪಿಎಸ್ ಪ್ಲಾನ್ ಬಿಟ್ಟು 200ರದ್ದು ತೆಗೆದುಕೊಂಡಿದ್ದರೆ ದುಡ್ಡು ಹೋಗುತ್ತಿತ್ತೇ ಹೊರತು ಕ್ಲಾಸ್ ನಿಲ್ಲುವುದು ತಪ್ಪುತ್ತಿರಲಿಲ್ಲ. “ಕಸ್ಟಮರ್‌ಗೆ ಎಂಬಿಪಿಎಸ್ ತಿಳಿಯಲ್ರಿ,” ಎಂದರು ಆಪರೇಟರ್. “ಮಗಳ ಕ್ಲಾಸ್ ನಿಂತ್ರ ತಿಳೀತದ.”

ವೇಗ ಮಾರುವ ಪೈಪೋಟಿಯಲ್ಲಿ ಊರಿನ ಆಪರೇಟರ್‌ಗಳು ದೊಡ್ಡ ಕಂಪನಿಗಳೆದುರು ಬಹಳ ದಿನ ನಿಲ್ಲಲಾರರು ಎಂಬುದು ನನ್ನ ಖಚಿತ ಅಭಿಪ್ರಾಯ. 2019ರ ಸೆಪ್ಟೆಂಬರ್‌ನಲ್ಲಿ ಜಿಯೋ ಫೈಬರ್ ಶುರುವಾದ ಮೇಲೆ ಬರೀ ದರ ಇಳಿಸಿ ಬದುಕುವುದು ಆಗದ ಮಾತು. ಇವರು ಮಾರಬಹುದಾದದ್ದು ಬೇರೆ ಇದೆ: ಎಲ್ಲ ಖೋಲಿಗಳಲ್ಲೂ ನಡೆಯುವ ವೈಫೈ, ಹಾಸ್ಟೆಲ್‌ಗೆ ವೇಳಾಪಟ್ಟಿಯಂತೆ ತೆರೆದು ಮುಚ್ಚುವ ಇಂಟರ್ನೆಟ್, ಅಂಗಡಿಯ ಸಿಸಿ ಕ್ಯಾಮೆರಾ, ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ಬೇಕೆನ್ನುವ ಗಡಿಮನೆಗಳಿಗೆ ಟಿವಿ. ಇದನ್ನೆಲ್ಲ ಮಾರಬೇಕಾದರೆ ಮನೆಯೊಳಗಿನ ಬಾಕ್ಸ್ ಯಾವ ಕಂಪನಿಯದಾದರೂ ಇವರ ಮಾತು ಕೇಳಬೇಕು.

ಊರೂರಿಗೆ ಫೈಬರ್ ಬಂದ ಹಿನ್ನೆಲೆಯನ್ನು ಚುಟುಕಾಗಿ ಹೇಳುತ್ತೇನೆ. ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಮುಟ್ಟಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿದ್ದು 2011ರ ಅಕ್ಟೋಬರ್‌ನಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂತು. ಬ್ಲಾಕ್ ಕೇಂದ್ರದಲ್ಲಿ ಬೆಳಕು ಕಳಿಸುವ ಓಎಲ್‌ಟಿ, ಪಂಚಾಯಿತಿಯಲ್ಲಿ ಅದನ್ನು ಹಿಡಿಯುವ ಓಎನ್‌ಟಿ ಬಾಕ್ಸ್, ನಡುವೆ ಒಂದು ಎಳೆಯನ್ನು ಹಲವರಿಗೆ ಹಂಚುವ ಜಿಪಾನ್ ತಂತ್ರಜ್ಞಾನ. ಸರ್ಕಾರಿ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತಾನು ರೂಪಿಸಿದ ಜಿಪಾನ್ ವಿನ್ಯಾಸವನ್ನು ಹಲವು ತಯಾರಕರಿಗೆ ಹಂಚಿತು. 2023ರ ಆಗಸ್ಟ್‌ನಲ್ಲಿ ತಿದ್ದುಪಡಿಯಾದ ಯೋಜನೆಗೆ 1,39,579 ಕೋಟಿ ರೂಪಾಯಿ ನಿಗದಿಯಾಯಿತು. ಅಷ್ಟರಲ್ಲಿ ಊರೂರಿನ ಕೇಬಲ್‌ನವರೂ ತಮ್ಮ ತಮ್ಮ ಗಾಜಿನ ಎಳೆ ಎಳೆದಾಗಿತ್ತು.

ಆ ಎಳೆಯ ಮಟ್ಟದಲ್ಲಿ ಮುಕ್ತ ಮಾನದಂಡ ಎಷ್ಟು ಸೊಗಸಾಗಿ ಗೆದ್ದಿದೆ ಎಂಬುದನ್ನು ತೋರಿಸಲು ಆಪರೇಟರ್ ನನ್ನ ಕೈಗೊಂದು ಹಸಿರು ಕನೆಕ್ಟರ್ ಕೊಟ್ಟರು. ಅದರ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ಮರಳಿ ಬರುವ ಬೆಳಕು ಪಕ್ಕಕ್ಕೆ ಹೋಗಲೆಂದು. ನೀಲಿ ಕನೆಕ್ಟರ್‌ಗೆ ಆ ಓರೆ ಇಲ್ಲ. ಹಸಿರಿಗೆ ಹಸಿರೇ ಸೇರಬೇಕು. ಅದನ್ನು ಯಾರು ತಯಾರಿಸಿದರೆಂದು ಕೇಳುವವರೇ ಇಲ್ಲ. ಒಂದೇ ಎಳೆಯಲ್ಲಿ 1490 ನ್ಯಾನೋಮೀಟರ್‌ನ ಬೆಳಕು ಮನೆ ಕಡೆ ಇಳಿಯುತ್ತದೆ, 1310ರದ್ದು ಮೇಲೆ ಹೋಗುತ್ತದೆ, 1550ರಲ್ಲಿ ಹಳೇ ಕೇಬಲ್ ಟಿವಿಯೂ ಸಾಗುತ್ತದೆ. ಈ ಬೆಳಕುಗಳನ್ನೆಲ್ಲ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಜಿ.984 ಮಾನದಂಡ ಗೊತ್ತುಮಾಡಿದೆ.

ತಕರಾರು ಶುರುವಾಗುವುದು ಗಾಜಿನ ಮೇಲಿನ ಪದರದಲ್ಲಿ. ಒಂದು ಕಂಪನಿಯ ಓಎಲ್‌ಟಿಗೆ ಇನ್ನೊಂದು ಕಂಪನಿಯ ಓಎನ್‌ಟಿ ಹಚ್ಚಿದರೆ ಪಾನ್ ದೀಪ ಹತ್ತಿದರೂ ಎಷ್ಟೋ ಸಲ ನೆಟ್ ಬರುವುದಿಲ್ಲ. ಇವೆರಡರ ನಡುವಣ ಮಾತುಕತೆಗೆ ಓಎಂಸಿಐ ಎಂಬ ಮಾನದಂಡ, ಜಿ.988, ಇದ್ದೇ ಇದೆ. ಆದರೆ ಅದನ್ನು ತಯಾರಕರು ಅವರವರಿಗೆ ತೋಚಿದಂತೆ ಅರ್ಥ ಮಾಡಿಕೊಂಡರು. ಅದಕ್ಕೆಂದೇ ಈ ಕ್ಷೇತ್ರದ ಮಾನದಂಡ ರೂಪಿಸುವ ಬ್ರಾಡ್‌ಬ್ಯಾಂಡ್ ಫೋರಂ ಓಎನ್‌ಟಿಗಳನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ತಂದಿತು.

ಮನೆಯ ವೈಫೈವರೆಗೆ ಕೈ ಚಾಚುವುದು ಟಿಆರ್-069 ಎಂಬ ಇನ್ನೊಂದು ಮಾನದಂಡ. ಬ್ರಾಡ್‌ಬ್ಯಾಂಡ್ ಫೋರಂ ಇನ್ನೂ ಡಿಎಸ್‌ಎಲ್ ಫೋರಂ ಆಗಿದ್ದಾಗ, 2004ರಲ್ಲಿ, ಇದನ್ನು ಹೊರತಂದಿತು. ಬಾಕ್ಸ್ ತಾನಾಗಿಯೇ ಆಪರೇಟರನ ಸರ್ವರಿಗೆ ಹೋಗಿ, ನಾನಿಂಥವನು, ನನ್ನ ಸ್ಥಿತಿ ಹೀಗಿದೆ ಎಂದು ವರದಿ ಒಪ್ಪಿಸುತ್ತದೆ. ಚೌಬಾರಾದ ಪರದೆಯ ಹಿಂದಿದ್ದದ್ದು ಇದೇ. ತಂತ್ರಾಂಶವೂ ದುಡ್ಡು ಕೊಡದೆ ಸಿಗುವ, ಮೂಲ ಸಂಕೇತ ತೆರೆದಿಟ್ಟ ಜೀನಿ ಎಸಿಎಸ್.

ಇಲ್ಲೊಂದು ಸಂಗತಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಟಿಆರ್-069 ಬಂದದ್ದು ತಾಮ್ರದ ತಂತಿಯ ಕಾಲದಲ್ಲಿ. ಬಾಕ್ಸಿನ ಯಾವ ಮಾಹಿತಿಯನ್ನು ಯಾವ ಹೆಸರಿನಿಂದ ಕೇಳಬೇಕೆಂದು ಅದರ ಜೊತೆಗಿದ್ದ ಹಳೇ ಹೆಸರುಪಟ್ಟಿಯಲ್ಲಿ ಫೈಬರ್ ಬೆಳಕಿನ ಬಲಕ್ಕೆ ಜಾಗವೇ ಇರಲಿಲ್ಲ. ಮಾನದಂಡ ಮಾತ್ರ ಒಂದು ಬಾಗಿಲು ತೆರೆದಿಟ್ಟಿತ್ತು: ಮೊದಲಿಗೆ ‘ಎಕ್ಸ್’ ಅಕ್ಷರ, ಒಂದು ಅಡಿಗೆರೆ ಹಾಕಿ ತಯಾರಕರು ತಮ್ಮದೇ ಹೆಸರು ಸೇರಿಸಬಹುದು. ಒಬ್ಬ ದೊಡ್ಡ ತಯಾರಕ ಹಾಗೆ ಸೇರಿಸುವಾಗ ‘ಇಂಟರ್‌ಫೇಸ್’ ಪದದ ಇಂಗ್ಲಿಷ್ ಕಾಗುಣಿತದಲ್ಲಿ ‘ಎಫ್’ ಮತ್ತು ‘ಎ’ ಅದಲುಬದಲಾದವು. ಆ ತಪ್ಪು ಬಾಕ್ಸ್‌ಗಳೊಳಗೆ ಹಾಗೆಯೇ ಕೂತಿತು. ಈಗ ಆ ಬಾಕ್ಸಿನ ಬೆಳಕಿನ ಬಲ ತಿಳಿಯಬೇಕಾದವರು ಆ ತಪ್ಪು ಕಾಗುಣಿತವನ್ನೇ ಅಕ್ಷರ ಬಿಡದೆ ಟೈಪ್ ಮಾಡಬೇಕು. ಸರಿಯಾಗಿ ಬರೆದರೆ ಉತ್ತರವಿಲ್ಲ! ಆಪರೇಟರ್ ಆ ಸಾಲನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದರು, ಕೆಳಗೆ ಉಳಿದ ಮೂರು ಕಂಪನಿಗಳ ಮೂರು ಬೇರೆ ಹೆಸರುಗಳು. ಒಂದು ಸಂಖ್ಯೆ ತಿಳಿಯಲು ನಾಲ್ಕು ಹೆಸರು. ಅದೇ ಸಂಖ್ಯೆಯ ಮೇಲೆ ಔರಾದಿಗೆ ಬೈಕ್ ಹೊರಡಬೇಕೋ ಬೇಡವೋ ನಿಂತಿದೆ. ನಾನಿದ್ದಾಗಲೇ ಅಲ್ಲಿಯ ಒಂದು ಬಾಕ್ಸ್ ಮೈನಸ್ 26.8 ಡಿಬಿಎಂ ತೋರಿಸಿತು. ಈ ಬಗೆಯ ಜಿಪಾನ್ ಬಾಕ್ಸ್‌ಗೆ ಗಡಿ ಮೈನಸ್ 27. ರೌಟರ್ ಬದಲಿಸಿ ಏನೂ ಆಗದು, ಎಲ್ಲೋ ಕೇಬಲ್ ಮಡಚಿದೆ ಅಥವಾ ಜಾಯಿಂಟ್ ಕೆಟ್ಟಿದೆ. ಹುಡುಗ ಸ್ಪ್ಲೈಸಿಂಗ್ ಮಷಿನ್ ಕಟ್ಟಿಕೊಂಡೇ ಹೊರಟ. ಆಮೇಲೆ ಬಂದ ಟಿಆರ್-181 ಹೆಸರುಪಟ್ಟಿಯಲ್ಲಿ ಬೆಳಕಿನ ಬಲಕ್ಕೆ ಸ್ವಂತ ಜಾಗವಿದೆ. ಅಗ್ಗದ ಬಾಕ್ಸ್‌ಗಳಿಗೆ ಅದು ಇನ್ನೂ ಮುಟ್ಟಬೇಕಾಗಿದೆ.

ಒಂದು ಅಳುಕು ನನಗಿದೆ. ಮನೆಯ ಯಾವ ಫೋನ್ ಯಾವ ಹೊತ್ತಿಗೆ ಎಚ್ಚರವಿದೆ ಎಂಬುದು ಅಂಗಡಿಯ ಪರದೆಗೆ ಕಾಣುತ್ತದೆ. ಹೊರಗಿನಿಂದ ಬಾಕ್ಸಿಗೆ ಕೈ ಹಾಕುವ ಈ ದಾರಿಯನ್ನು ಭದ್ರ ಮಾಡದಿದ್ದರೆ ಏನಾಗುತ್ತದೆಂದು 2016ರ ನವೆಂಬರ್‌ನಲ್ಲಿ ಜರ್ಮನಿ ಕಂಡಿತು. ಟಿಆರ್-069ಗೆಂದು ಬಳಸುವ 7547ನೇ ಪೋರ್ಟ್ ಗುರಿಯಾದ ದಾಳಿಯಲ್ಲಿ ಡಾಯ್ಚ ಟೆಲಿಕಾಮ್‌ನ ಸುಮಾರು 9 ಲಕ್ಷ ಗಿರಾಕಿಗಳ ಸಂಪರ್ಕ ಕೆಟ್ಟಿತು. ಟಿಆರ್-069ರ ಉತ್ತರಾಧಿಕಾರಿಯಾಗಿ 2018ರಲ್ಲಿ ಬಂದ ಟಿಆರ್-369 ಈ ದೃಷ್ಟಿಯಿಂದ ನನಗೆ ಹೆಚ್ಚು ಇಷ್ಟ. ಒಂದೇ ಬಾಕ್ಸಿಗೆ ಒಂದಕ್ಕಿಂತ ಹೆಚ್ಚು ನಿಯಂತ್ರಕರು ಇರಬಹುದು, ಯಾರಿಗೆ ಎಷ್ಟು ನೋಡಲು, ಎಷ್ಟು ಬದಲಿಸಲು ಅಧಿಕಾರ ಎಂದು ಬೇರೆ ಬೇರೆ ಕಟ್ಟಬಹುದು. ಆಪರೇಟರ್ ಚಾನೆಲ್ ನೋಡಿಕೊಳ್ಳಲಿ, ಮಕ್ಕಳ ಫೋನ್ ಎಷ್ಟು ಹೊತ್ತಿಗೆ ಬಂದ್ ಆಗಬೇಕೆಂಬುದು ತಾಯಿಯ ಮೊಬೈಲಿನಲ್ಲಿರಲಿ. ಹೊಸ ಸೇವೆಯ ತಂತ್ರಾಂಶವನ್ನು ಬಾಕ್ಸ್ ಬದಲಿಸದೆ ಅದರೊಳಗೇ ಕೂಡಿಸುವ ದಾರಿಯೂ ಇದರಲ್ಲಿದೆ.

ಆಪರೇಟರ್ ಈಗ ಬೀದರಿನ ಹಾಸ್ಟೆಲ್‌ಗಳಿಗೆ ಜಿಪಾನ್‌ನ ಮುಂದಿನ ಪೀಳಿಗೆಯಾದ ಎಕ್ಸ್‌ಜಿಎಸ್-ಪಾನ್ ತರುವ ಲೆಕ್ಕದಲ್ಲಿದ್ದಾರೆ. 2016ರ ಜಿ.9807.1 ಮಾನದಂಡ ಅದಕ್ಕೆ 1577 ಮತ್ತು 1270 ನ್ಯಾನೋಮೀಟರ್‌ನ ಬೇರೆ ಬೆಳಕು ಕೊಟ್ಟಿದೆ. ಹಾಗಾಗಿ ಅದೇ ಎಳೆಯ ಮೇಲೆ ಹಳೇ ಬಾಕ್ಸ್‌ಗಳೂ ಇರಬಹುದು, 10 ಗಿಗಾಬಿಟ್‌ನ ಹೊಸವೂ ಬರಬಹುದು. ಓಎಲ್‌ಟಿ ಖರೀದಿ ಪತ್ರಕ್ಕೆ ಅವರು ಎರಡು ಷರತ್ತು ಸೇರಿಸಿದ್ದಾರೆ: ಬೇರೆ ಕಂಪನಿಯ ಓಎನ್‌ಟಿಯನ್ನು ಜಿ.988 ಪ್ರಕಾರ ನಡೆಸಿ ತೋರಿಸಬೇಕು, ಮನೆಯ ಬಾಕ್ಸ್‌ಗಳ ಮೇಲೆ ಟಿಆರ್-369ರ ಹಿಡಿತ ತಮ್ಮ ಸರ್ವರಿಗೆ ಸಿಗಬೇಕು. ಡೀಲರ್ ಮೊದಲನೆಯದಕ್ಕೆ ಒಪ್ಪಿದ್ದಾರೆ. ಎರಡನೆಯದಕ್ಕೆ ಉತ್ತರ ಬರುವ ತನಕ ಅಡ್ವಾನ್ಸ್ ಕೊಡುವುದಿಲ್ಲ ಎಂದು ಇವರು ಪಟ್ಟು ಹಿಡಿದಿದ್ದಾರೆ.