ಐದು ಎಂಬಿ ಆ್ಯಪಿಗೆ ಹನ್ನೊಂದು ಜಿಬಿ ಸರಂಜಾಮು

ರಾಯಚೂರು ಜಿಲ್ಲೆಯ ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರದಲ್ಲಿ ಸಾವಿರಕ್ಕೆ ಹತ್ತಿರ ಪದ್ಯಗಳಿವೆ. ಎಲ್ಲವೂ ಭಾಮಿನಿ ಷಟ್ಪದಿ, ಪದ್ಯವೊಂದಕ್ಕೆ 102 ಮಾತ್ರೆ. ಯೂನಿಕೋಡಿನಲ್ಲಿ ಬೆರಳಚ್ಚು ಮಾಡಿಟ್ಟರೆ ಒಂದು ಪದ್ಯಕ್ಕೆ ಅಂದಾಜು 500 ಬೈಟ್ ಹಿಡಿಯುತ್ತದೆ. ಒಬ್ಬ ದಾಸರ ಬಾಳಿನ ತಿರುಳೆಲ್ಲ ಅರ್ಧ ಎಂಬಿಯಲ್ಲಿ ಮುಗಿಯಿತು.

ಅದೇ ಮಾನ್ವಿಯಲ್ಲಿ ಡಿಗ್ರಿ ಓದುತ್ತಿರುವ ಹುಡುಗಿಯೊಬ್ಬಳು, ಒಮ್ಮೆ ಬರೆದರೆ ಆಂಡ್ರಾಯ್ಡ್ ಮತ್ತು ಐಫೋನ್ ಎರಡರಲ್ಲೂ ಓಡುವಂಥ ಆ್ಯಪ್ ಮಾಡಲು ತನ್ನ ಲ್ಯಾಪ್‌ಟಾಪ್ ಸಜ್ಜುಗೊಳಿಸಲು ಕೂತಳು ಎನ್ನಿ. ಗೂಗಲ್ 2018ರ ಡಿಸೆಂಬರಿನಲ್ಲಿ ಮೊದಲ ಪೂರ್ಣ ಆವೃತ್ತಿ ಹೊರತಂದ ಫ್ಲಟರ್ ಅವಳ ಆಯ್ಕೆ. ಅದರ ಕೈಪಿಡಿ ವಿಂಡೋಸ್ ಕಂಪ್ಯೂಟರಿನಲ್ಲಿ ಕೇಳುವ ಖಾಲಿ ಜಾಗ ಕನಿಷ್ಠ 11 ಜಿಬಿ, 60 ಇದ್ದರೆ ಒಳ್ಳೆಯದು. ಹನ್ನೊಂದೇ ಹಿಡಿಯೋಣ. ಅಷ್ಟರಲ್ಲಿ ಹರಿಕಥಾಮೃತಸಾರದ 22,000 ಪ್ರತಿ ಕೂರುತ್ತವೆ! ಇಷ್ಟನ್ನೆಲ್ಲ ತುಂಬಿಕೊಂಡು ಅವಳು ಮಾಡುವ ಮೊದಲ ಪುಟ್ಟ ಆ್ಯಪ್ ಎಷ್ಟು ದೊಡ್ಡದು? ಫೋನಿಗೆ ಇಳಿಯುವಾಗ ಐದು ಎಂಬಿ ಆಸುಪಾಸು. ಉಪಕರಣ ಕೆಲಸಕ್ಕಿಂತ ಎರಡು ಸಾವಿರ ಪಟ್ಟು ಭಾರ.

ಈ ಭಾರ ದಂಡವಲ್ಲ. ಅದರೊಳಗೆ ಡಾರ್ಟ್ ಭಾಷೆಯನ್ನು ಯಂತ್ರದ ಭಾಷೆಗೆ ಇಳಿಸುವ ಕಂಪೈಲರ್ ಇದೆ, ಕೋಡ್ ಬರೆಯಲು ಆಂಡ್ರಾಯ್ಡ್ ಸ್ಟುಡಿಯೋ ಇದೆ, ಬಿಡಿಭಾಗಗಳನ್ನೆಲ್ಲ ಕೂಡಿಸಿ ಕಟ್ಟುವ ಗ್ರೇಡಲ್ ಇದೆ, ಪರದೆಯ ಮೇಲೆ ಇಡೀ ಫೋನನ್ನೇ ಎಬ್ಬಿಸಿ ನಿಲ್ಲಿಸುವ ಎಮ್ಯುಲೇಟರ್ ಇದೆ. ಆಂಡ್ರಾಯ್ಡ್ ವ್ಯವಸ್ಥೆಯನ್ನೇ ಮೂಲದಿಂದ ಕಟ್ಟುತ್ತೇನೆ ಎಂದು ಹೊರಟರೆ ಗೂಗಲ್ ಕೇಳುವುದು 400 ಜಿಬಿ ಖಾಲಿ ಜಾಗ, 64 ಜಿಬಿ ರ್‍ಯಾಮ್. ಆ ಕೆಲಸವನ್ನು ಬೇರೆಯವರು ಮಾಡಿಟ್ಟಿದ್ದಾರೆ. ಸಾವಿರಾರು ಜನ ವರ್ಷಗಟ್ಟಲೆ ದುಡಿದದ್ದು ಮಾನ್ವಿಯ ಕೋಣೆಗೆ ಒಂದು ಪೈಸೆ ಬೆಲೆಯಿಲ್ಲದೆ ಇಳಿಯುತ್ತದೆ. ಈ ವಿಷಯ ನೆನೆದಾಗಲೆಲ್ಲ ನನಗೆ ಮೈ ನವಿರೇಳುತ್ತದೆ.

ಬೆಲೆಯಿಲ್ಲ ಎಂದೆ, ಡೇಟಾಕ್ಕೆ ಮಾತ್ರ ಬೆಲೆ ಇದೆ. ಇಳಿಸಿಕೊಳ್ಳುವ ಕಡತಗಳೇ ನಾಲ್ಕೈದು ಜಿಬಿ ದಾಟುತ್ತವೆ. ದೇವದುರ್ಗದಲ್ಲಿ ಮೊಬೈಲ್ ಹಾಟ್‌ಸ್ಪಾಟನ್ನೇ ನೆಚ್ಚಿಕೊಂಡವನ ರೀಚಾರ್ಜಿನಲ್ಲಿ ದಿನಕ್ಕೆ ಒಂದೂವರೆ ಜಿಬಿ ಸಿಗುತ್ತದೆ ಎಂದುಕೊಳ್ಳಿ. ಮನೆಯವರು ಒಂದು ವಿಡಿಯೋ ನೋಡದಿದ್ದರೂ ನಾಲ್ಕನೇ ದಿನಕ್ಕೆ ಕೆಲಸ ಆರಂಭ. ಸೆಕೆಂಡಿಗೆ 10 ಮೆಗಾಬಿಟ್ ಬರುವ ಬ್ರಾಡ್‌ಬ್ಯಾಂಡ್ ಇದ್ದವರಿಗೆ ಅದೇ 5 ಜಿಬಿ ಒಂದು ತಾಸು ಏಳು ನಿಮಿಷದ ಮಾತು. ಕಾಲೇಜಿನ ಗೆಳೆಯನಿಂದ ಪೆನ್‌ಡ್ರೈವಿನಲ್ಲಿ ತಂದುಕೊಳ್ಳಿ ಎಂದೇ ನಾನು ಹೇಳುವುದು.

ರ್‍ಯಾಮ್ ಇನ್ನೊಂದು ಗೋಡೆ. ಕನಿಷ್ಠ 8 ಜಿಬಿ ಬೇಕು, ಎಮ್ಯುಲೇಟರ್ ಸಲೀಸಾಗಿ ಓಡಲು 16. ಎಂಟೇ ಇದ್ದವರು ಎಮ್ಯುಲೇಟರ್ ಬಿಟ್ಟು ಕೈಯಲ್ಲಿರುವ ಫೋನನ್ನೇ ಕೇಬಲಿನಿಂದ ಜೋಡಿಸಿದರೆ ಆಯಿತು. ಸೆಟ್ಟಿಂಗ್ಸಿನಲ್ಲಿ ‘ಬಿಲ್ಡ್ ನಂಬರ್’ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆದುಕೊಳ್ಳುತ್ತವೆ. ನಂತರ ‘ಫ್ಲಟರ್ ಡಾಕ್ಟರ್’ ಎಂಬ ಎರಡು ಪದದ ಆದೇಶ ಕೊಟ್ಟರೆ ಯಾವುದು ಕೂತಿದೆ, ಯಾವುದು ಕೂತಿಲ್ಲ ಎಂದು ಅದೇ ತಪಾಸಣೆ ಮಾಡಿ ಹೇಳುತ್ತದೆ. ಐಫೋನಿನ ಪ್ರತಿ ಕಟ್ಟಲು ಮಾತ್ರ ಮ್ಯಾಕ್ ಕಂಪ್ಯೂಟರೇ ಆಗಬೇಕು. ಅದಿಲ್ಲದವರು ಕೋಡನ್ನು ಗಿಟ್‌ಹಬ್‌ಗೆ ಕಳಿಸಿ, ಎಲ್ಲೋ ದೂರದಲ್ಲಿರುವ ಮ್ಯಾಕಿನಿಂದ ಕಟ್ಟಿಸಿಕೊಳ್ಳಬಹುದು.

ಇನ್ನು ವೇಗದ ಲೆಕ್ಕ. ಫ್ಲಟರ್ ಫೋನಿನ ಸಿದ್ಧ ಗುಂಡಿಗಳನ್ನು ಬಳಸುವುದಿಲ್ಲ, ಪರದೆಯ ಚುಕ್ಕೆಗಳನ್ನು ತಾನೇ ಬರೆಯುತ್ತದೆ. ಎರಡು ಬಗೆಯ ಫೋನಿನಲ್ಲೂ ಆ್ಯಪ್ ಒಂದೇ ಥರ ಕಾಣುವುದು ಇದರಿಂದಲೇ. 1080ಕ್ಕೆ 2400ರ ಪರದೆ ಎಂದರೆ 25,92,000 ಚುಕ್ಕೆ. ಪಟ್ಟಿಯೊಂದನ್ನು ಬೆರಳಿನಿಂದ ಜಾರಿಸಿದಾಗ ಆ ಚಿತ್ರ ಸೆಕೆಂಡಿಗೆ 60 ಸಲ ಹೊಸದಾಗಬೇಕು. ಅಂದರೆ ಸೆಕೆಂಡಿಗೆ ಹದಿನೈದೂವರೆ ಕೋಟಿ ಚುಕ್ಕೆ. ಅದರಲ್ಲಿ ಕನ್ನಡವೂ ಇರುತ್ತದೆ: ‘ಸ್ತ್ರೀ’ ಎಂಬ ಒಂದಕ್ಷರ ಒಳಗೆ ಆರು ಸಂಕೇತ, ಸಂಕೇತಕ್ಕೆ ಮೂರರಂತೆ 18 ಬೈಟ್. ಒತ್ತುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿ ಆ ಅಕ್ಷರವನ್ನು ಹೊಂದಿಸುವುದೂ ಇದರದೇ ಕೆಲಸ. ಒಂದು ಚಿತ್ರಕ್ಕೆ ಸಿಗುವ ಸಮಯ ಸೆಕೆಂಡಿನ 60ರಲ್ಲೊಂದು ಭಾಗ.

ಅದೆಷ್ಟು ಎಂದು ತಿಳಿಯಬೇಕಾದರೆ ರಾಯಚೂರಿನ ಹತ್ತಿರದ ಶಕ್ತಿನಗರಕ್ಕೆ ಬನ್ನಿ. 1985ರಲ್ಲಿ ಶುರುವಾದ ಅಲ್ಲಿನ ಶಾಖೋತ್ಪನ್ನ ಕೇಂದ್ರದ ಟರ್ಬೈನುಗಳು ನಿಮಿಷಕ್ಕೆ 3,000 ಸುತ್ತು ತಿರುಗುತ್ತವೆ, ಸೆಕೆಂಡಿಗೆ 50. ಅದೇ ನಮ್ಮ ಕರೆಂಟಿನ 50 ಹರ್ಟ್ಜ್. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ 765 ಕಿಲೋವೋಲ್ಟ್ ಮಾರ್ಗದಿಂದ ದಕ್ಷಿಣದ ಜಾಲ ದೇಶದ ಜಾಲಕ್ಕೆ ಕೂಡಿತು. ಅಂದಿನಿಂದ ಶಕ್ತಿನಗರ ಉತ್ತರ ಭಾರತದ ವಿದ್ಯುತ್ ಕೇಂದ್ರಗಳ ಲಯಕ್ಕೇ ತಿರುಗುತ್ತಿದೆ. ಆ ದೈತ್ಯ ಟರ್ಬೈನ್ ಒಂದು ಸುತ್ತು ಮುಗಿಸುವುದರೊಳಗೆ ಮಾನ್ವಿಯ ಹುಡುಗಿಯ ಆ್ಯಪ್ ಒಂದು ಪೂರ್ತಿ ಪರದೆ ಬರೆದು ಮುಂದಿನದಕ್ಕೆ ಕೈ ಹಾಕಿರುತ್ತದೆ. ಅವಳ ಲ್ಯಾಪ್‌ಟಾಪಿನ 3 ಗಿಗಾಹರ್ಟ್ಜ್ ಪ್ರೊಸೆಸರ್ ಅದೇ ಒಂದು ಸುತ್ತಿನಲ್ಲಿ ಆರು ಕೋಟಿ ಸಲ ಮಿಡಿದಿರುತ್ತದೆ.

ಇಷ್ಟಕ್ಕೆಲ್ಲ ಬೇಕಾದ ಚಾರ್ಜರ್ 65 ವ್ಯಾಟಿನದು. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಜನ 19 ಲಕ್ಷ ಚಿಲ್ಲರೆ. ಕೂಸಿನಿಂದ ಮುದುಕರವರೆಗೆ ಅಷ್ಟೂ ಜನರಿಗೆ ತಲೆಗೊಂದು ಲ್ಯಾಪ್‌ಟಾಪ್ ಕೊಟ್ಟು ಎಲ್ಲವನ್ನೂ ಒಟ್ಟಿಗೆ ಚಾರ್ಜಿಗೆ ಹಾಕಿದರೂ ಬೇಕಾಗುವುದು 125 ಮೆಗಾವ್ಯಾಟ್. ಶಕ್ತಿನಗರದ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವ್ಯಾಟ್. ಅದರಲ್ಲಿ 210 ಮೆಗಾವ್ಯಾಟಿನ ಒಂದೇ ಘಟಕ ಪೂರ್ಣ ಓಡಿದರೂ ಸಾಕು, 85 ಮೆಗಾವ್ಯಾಟ್ ಉಳಿಯುತ್ತದೆ.