ಮೂರನೇ ಸೀರೆ, ಮೂರನೇ ಅಭ್ಯರ್ಥಿ

ನಾದಿನಿಯ ಮಗಳ ಮದುವೆಗೆ ಹೆಂಗಸರೆಲ್ಲ ಒಂದೇ ಬಣ್ಣದ ಸೀರೆ ಉಡಬೇಕೆಂದು ತೀರ್ಮಾನವಾಯಿತು. ಸರಿ, ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟಿಗೆ ಒಂಬತ್ತು ಜನ ಹೊರಟೆವು. ಅಂಗಡಿಯವರು ಮೂರು ಬಣ್ಣ ಹರಡಿದರು. ಗಿಳಿಹಸಿರಿಗೆ ನಾಲ್ವರು, ಮೆರೂನಿಗೆ ಮೂವರು, ಅರಿಶಿನ ಬಣ್ಣಕ್ಕೆ ನಾನು ಮತ್ತು ನನ್ನ ಓರಗಿತ್ತಿ ಇಬ್ಬರೇ.

"ಹಸಿರೇ ಗೆತ್ತು, ನಿಮ್ಮಿಬ್ಬರ ಓಟು ವೇಸ್ಟು" ಎಂದಳು ನಾದಿನಿ.

ನಮ್ಮತ್ತೆ ಬಿಡಲಿಲ್ಲ. "ಅರಿಶಿನ ಇಲ್ಲದಿದ್ರೆ ಯಾವುದು ಬೇಕು ಅಂತ ಅವರನ್ನ ಕೇಳ್ರೇ" ಎಂದರು. ಇಬ್ಬರೂ ಮೆರೂನ್ ಎಂದೆವು. ಲೆಕ್ಕ ತಿರುಗಿತು ನೋಡಿ! ಮೆರೂನಿಗೆ ಐದು, ಹಸಿರಿಗೆ ನಾಲ್ಕೇ.

"ರಾಷ್ಟ್ರಪತಿ ಚುನಾವಣೇಲಿ ಗಿರಿಯವರನ್ನ ಆರಿಸಿದ್ದೂ ಹೀಗೇ ಲೆಕ್ಕ ಹಾಕಿ ಕಣಮ್ಮ. ರೇಡಿಯೋ ಮುಂದೆ ಕೂತು ಕೇಳಿದ್ದೆ" ಎಂದರು ಅತ್ತೆ, ಕಾಫಿ ಕುಡಿಯುತ್ತಾ. ಆಗ ಅವರು ಹೊಸ ಮದುವಣಗಿತ್ತಿ.

ಅದು 1969ರ ಮಾತು. ಮೇ ತಿಂಗಳಲ್ಲಿ ರಾಷ್ಟ್ರಪತಿ ಜಾಕಿರ್ ಹುಸೇನರು ತೀರಿಕೊಂಡರು. ಜುಲೈನಲ್ಲಿ ನಮ್ಮ ಬೆಂಗಳೂರಿನಲ್ಲೇ, ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಪಕ್ಷದ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪನವರು. ಪಕ್ಷದ ಹಿರಿಯರು ನೀಲಂ ಸಂಜೀವ ರೆಡ್ಡಿಯವರನ್ನು ಆರಿಸಿದರು. ಪ್ರಧಾನಿ ಇಂದಿರಾ ಗಾಂಧಿಯವರಿಗೆ ಅದು ಹಿಡಿಸಲಿಲ್ಲ. ಹಿಂದೆ ನಮ್ಮ ಮೈಸೂರು ರಾಜ್ಯಕ್ಕೆ ರಾಜ್ಯಪಾಲರಾಗಿದ್ದ ವಿ.ವಿ. ಗಿರಿಯವರು ಸ್ವತಂತ್ರರಾಗಿ ನಿಂತರು. ಮೂರನೆಯವರು ರಿಸರ್ವ್ ಬ್ಯಾಂಕಿನ ಮೊದಲ ಭಾರತೀಯ ಗವರ್ನರ್ ಆಗಿದ್ದ ಸಿ.ಡಿ. ದೇಶಮುಖ್. ಅವರ ಬೆನ್ನಿಗೆ ಜನಸಂಘ ಮತ್ತು ಸ್ವತಂತ್ರ ಪಕ್ಷ.

ಈ ಚುನಾವಣೆಯಲ್ಲಿ ಓಟು ಹಾಕುವವರು ನಾವಲ್ಲ, ಸಂಸದರು ಮತ್ತು ಶಾಸಕರು. ಹೆಸರುಗಳ ಮುಂದೆ 1, 2, 3 ಎಂದು ಇಷ್ಟದ ಕ್ರಮ ಬರೆಯುತ್ತಾರೆ. ಒಬ್ಬೊಬ್ಬರ ಓಟಿಗೂ ಒಂದು ಮೌಲ್ಯ. ಆಗ ಒಬ್ಬ ಸಂಸದರ ಓಟಿನ ಮೌಲ್ಯ 576. ಅದಕ್ಕೇ ಅಂಕಿಗಳು ಲಕ್ಷಗಟ್ಟಲೆ.

ದೇಶಮುಖರ ಕಡೆಯವರ ಎರಡನೇ ಓಟು ರೆಡ್ಡಿಯವರಿಗೆ ಬರಲೆಂದು ನಿಜಲಿಂಗಪ್ಪನವರು ಆ ಪಕ್ಷಗಳ ಮುಖಂಡರನ್ನು ಕಂಡು ಮಾತಾಡಿದರು. ಅದೇ ಮುಳುವಾಯಿತು. ವಿರೋಧಿಗಳ ಜೊತೆ ಒಳಒಪ್ಪಂದ ಎಂದು ಇಂದಿರಾ ಕಡೆಯವರು ಹುಯಿಲೆಬ್ಬಿಸಿದರು. ಆತ್ಮಸಾಕ್ಷಿಯಂತೆ ಓಟು ಹಾಕಿ ಎಂದು ಕರೆ ಬಂತು.

ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ದೇಶಮುಖರಿಗೆ 1,12,769. ಗೆಲ್ಲಲು ಬೇಕಿದ್ದದ್ದು 4,18,169. ಮುಂದಿದ್ದರೂ ಗಿರಿಯವರು ಗೆದ್ದಿರಲಿಲ್ಲ! ಹಿಂದುಳಿದವರನ್ನು ಒಬ್ಬೊಬ್ಬರಾಗಿ ಕೈಬಿಟ್ಟು ಅವರ ಓಟುಗಳ ಎರಡನೇ ಇಷ್ಟ ಎಣಿಸಿದರು. ರೆಡ್ಡಿಯವರಿಗೆ 91,879 ಸೇರಿತು, ಗಿರಿಯವರಿಗೆ ಬರೀ 18,562. ಆದರೂ ಗಿರಿಯವರೇ 4,20,077ಕ್ಕೆ ಮುಟ್ಟಿ ದಡ ಸೇರಿದರು. ರೆಡ್ಡಿಯವರದು 4,05,427. ಆ ವರ್ಷದ ನವೆಂಬರ್‌ನಲ್ಲಿ ಕಾಂಗ್ರೆಸ್ಸೇ ಎರಡು ಹೋಳಾಯಿತು.

ಆದರೆ ನಮ್ಮ ವಿಧಾನಸಭೆ, ಲೋಕಸಭೆ ಚುನಾವಣೆಗಳಲ್ಲಿ ಎರಡನೇ ಇಷ್ಟ ಕೇಳುವವರಿಲ್ಲ. ಅಲ್ಲಿ ಹಸಿರು ಸೀರೆಯೇ ಗೆಲ್ಲುತ್ತದೆ. ಅಮೆರಿಕದಲ್ಲೂ 2000ದಲ್ಲಿ ಹಾಗೇ ಆಯಿತು. ಫ್ಲಾರಿಡಾ ರಾಜ್ಯದಲ್ಲಿ ಅಲ್ ಗೋರ್ 537 ಓಟಿನಿಂದ ಬುಷ್‌ಗೆ ಸೋತರು, ಅಧ್ಯಕ್ಷ ಪದವಿಯೂ ಕೈತಪ್ಪಿತು. ಅಲ್ಲಿ ಮೂರನೆಯವರಾದ ರಾಲ್ಫ್ ನೇಡರ್ ಪಡೆದದ್ದು 97 ಸಾವಿರಕ್ಕೂ ಹೆಚ್ಚು. ಅವರಿಗೆ ನಿಮ್ಮ ಎರಡನೇ ಇಷ್ಟ ಯಾರೆಂದು ಯಾರೂ ಕೇಳಲಿಲ್ಲ.

ಒಮ್ಮೆ ನಮ್ಮ ವಾರ್ಡಿನಲ್ಲಿ ಒಬ್ಬ ಹೆಣ್ಣುಮಗಳು ಸ್ವತಂತ್ರವಾಗಿ ನಿಂತಿದ್ದರು. ಬೀದಿ ನಲ್ಲಿಗಾಗಿ ಓಡಾಡಿದವರು. "ಅವಳಿಗೆ ಹಾಕಿದ್ರೆ ವೇಸ್ಟು" ಎಂದರು ನಮ್ಮ ಯಜಮಾನರು. ನಾನೂ ತಲೆಯಾಡಿಸಿ ಬೇರೆಯವರಿಗೆ ಹಾಕಿ ಬಂದೆ. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ. ಮೂರನೆಯವರಿಗೆ ಹಾಕಿದರೆ ಯಾರಿಗೆ ಲಾಭ, ಯಾರಿಗೆ ನಷ್ಟ ಎಂದು ಲೆಕ್ಕ ಹಾಕಲೇಬೇಕು, ನಿಜ. ಆದರೆ ಆ ಲೆಕ್ಕ ನಾವೇ ಹಾಕೋಣ. ಬೇರೆಯವರು ಹಾಕಿಕೊಟ್ಟ ಲೆಕ್ಕಕ್ಕೆ ತಲೆಯಾಡಿಸುವುದು ಬೇಡ, ಅಲ್ಲವೇ?