ಸಂತೆಯ ಒಡೆಯನೂ ಅಂಗಡಿಕಾರನೂ ಗಿರಾಕಿಯೂ

ಸಂತೆಯೊಂದು ನೆರೆಯಬೇಕಾದರೆ ಮೂವರು ಬೇಕು. ಜಾಗ ಕೊಟ್ಟು ಸುಂಕವೆತ್ತುವ ಒಡೆಯ, ಸರಕು ಹರಡಿ ಕುಳಿತ ಅಂಗಡಿಕಾರ, ಚೀಲ ಹಿಡಿದು ಬರುವ ಗಿರಾಕಿ. ಅಂಗಡಿಗಳಿಲ್ಲದಲ್ಲಿಗೆ ಗಿರಾಕಿ ಬಾರನು. ಗಿರಾಕಿಯಿಲ್ಲದಲ್ಲಿ ಅಂಗಡಿ ನಿಲ್ಲದು. ಇಬ್ಬರನ್ನೂ ಸಮಾಧಾನದಿಂದ ಇರಿಸಿಕೊಳ್ಳುವುದರಲ್ಲಿಯೇ ಒಡೆಯನ ಜಾಣ್ಮೆಯಿದೆ.

ಇಂದು ನಮ್ಮ ಅಂಗೈಯೊಳಗಿನ ಮೊಬೈಲಿನಲ್ಲಿಯೂ ಇಂಥ ಸಂತೆಗಳು ನೆರೆದಿವೆ. ಇವುಗಳಿಗೆ ‘ಪ್ಲಾಟ್‌ಫಾರ್ಮ್’ ಎಂದು ಹೆಸರು. ಕನ್ನಡದಲ್ಲಿ ವೇದಿಕೆ ಎನ್ನಬಹುದು. ಅಲ್ಲಿಯ ಅಂಗಡಿಗಳೇ ‘ಆ್ಯಪ್’ಗಳು. ಅವುಗಳನ್ನು ರಚಿಸುವವರು ತಂತ್ರಜ್ಞರು. ಬಳಸುವವರು ನಾವು, ನೀವು. ಈ ಮೂವರ ಸಂಬಂಧ ಹೇಗೆ ಕುದುರುತ್ತದೆ, ಹೇಗೆ ಕೆಡುತ್ತದೆ ಎಂಬುದನ್ನು ತಿಳಿಯಲು ಫೇಸ್‌ಬುಕ್ಕಿನ ಕಥೆಗಿಂತ ಒಳ್ಳೆಯ ಪಾಠ ಬೇರೊಂದಿಲ್ಲ.

ಬಾಗಿಲು ತೆರೆದ ಬಗೆ

2004ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ನಡುವೆ ಹುಟ್ಟಿದ ಫೇಸ್‌ಬುಕ್, 2007ರ ಮೇ 24ರಂದು ಹೊರಗಿನ ತಂತ್ರಜ್ಞರಿಗೆ ತನ್ನ ಬಾಗಿಲನ್ನು ತೆರೆಯಿತು. ಈ ಬಾಗಿಲಿಗೆ ‘ಎಪಿಐ’ ಎನ್ನುತ್ತಾರೆ. ಇಂಥ ಪ್ರಶ್ನೆಯನ್ನು ಇಂಥ ಕ್ರಮದಲ್ಲಿ ಕೇಳಿದರೆ ಇಂಥ ಮಾಹಿತಿ ದೊರೆಯುವುದು ಎಂಬ ಕಟ್ಟಳೆಯೇ ಅದು. ಆ್ಯಪಿನ ಪುಟದಲ್ಲಿ ಜಾಹೀರಾತಿನಿಂದ ಬರುವ ಹಣವೆಲ್ಲ ರಚಿಸಿದವರಿಗೇ ಎಂದು ಕಂಪೆನಿ ಸಾರಿತು. ಸುಂಕವಿಲ್ಲದ ಸಂತೆಗೆ ಯಾರು ತಾನೆ ಬಾರರು? ‘ಐಲೈಕ್’ ಎಂಬ ಸಂಗೀತದ ಆ್ಯಪಿಗೆ ಜನರು ಮುಗಿಬಿದ್ದ ರಭಸಕ್ಕೆ ಅದರ ಗಣಕಯಂತ್ರಗಳು ಸಾಲದೆ, ಬೇರೆ ಕಂಪೆನಿಗಳಿಂದ ಎರವಲು ಬೇಡುವಂತಾಯಿತು.

ಅಂಗಡಿಕಾರನಿಗೆ ಕೊಟ್ಟ ಸಲಿಗೆ ಗಿರಾಕಿಗೆ ಹೊರೆಯಾಗತೊಡಗಲು ಬಹಳ ಕಾಲ ಹಿಡಿಯಲಿಲ್ಲ. 2009ರಲ್ಲಿ ‘ಫಾರ್ಮ್‌ವಿಲ್’ ಎಂಬ ಬೇಸಾಯದ ಆಟ ಬಂದಿತು. ಕೋಟಿಗಟ್ಟಲೆ ಜನರು ಬೆರಳ ತುದಿಯಲ್ಲಿ ಉತ್ತು ಬಿತ್ತಿದರು. ಆದರೆ ಆಡುವವನ ಹೊಲಕ್ಕೆ ನೆರವು ಬೇಕೆಂಬ ಕರೆ, ಆಡದ ಗೆಳೆಯರ ಮನೆಬಾಗಿಲನ್ನೂ ದಿನವಿಡೀ ತಟ್ಟಿತು. ಬೇಸತ್ತ ಜನರ ದೂರಿಗೆ ಮಣಿದು 2010ರಲ್ಲಿ ಕಂಪೆನಿಯು ಆ್ಯಪ್‌ಗಳ ಇಂಥ ಸೂಚನೆಗಳಿಗೆ ತಡೆಯೊಡ್ಡಿತು. 2011ರ ಜುಲೈಯಿಂದ ಆಟಗಳಲ್ಲಿ ತನ್ನದೇ ನಾಣ್ಯವನ್ನು ಕಡ್ಡಾಯಗೊಳಿಸಿ, ಗಳಿಕೆಯಲ್ಲಿ ನೂರಕ್ಕೆ 30ರಂತೆ ಪಾಲನ್ನೂ ಪಡೆಯಿತು. ಸುಂಕವಿಲ್ಲವೆಂದು ನಂಬಿ ಬಂದವರಿಗೆ ಸಂತೆಯ ನಿಯಮ ನಡುವೆಯೇ ಬದಲಾಯಿತು.

ನೆರೆಯವನ ಗುಟ್ಟು

ನಿಜವಾದ ಅನಾಹುತ ಬೇರೆಡೆ ಅಡಗಿತ್ತು. ಒಬ್ಬನು ಆ್ಯಪಿಗೆ ‘ಒಪ್ಪಿಗೆ’ ಎಂದು ಒತ್ತಿದರೆ, ಅವನ ಗೆಳೆಯರ ವಿವರಗಳೂ ಅವರಿಗೆ ಅರಿವಿಲ್ಲದೆ ಆ ಆ್ಯಪಿನ ಕೈಸೇರುವಂತೆ ಬಾಗಿಲನ್ನು ಅಗಲವಾಗಿ ತೆರೆದಿಡಲಾಗಿತ್ತು. 2013ರಲ್ಲಿ ಸಂಶೋಧಕನೊಬ್ಬನು ವ್ಯಕ್ತಿತ್ವ ಪರೀಕ್ಷೆಯ ಆ್ಯಪ್ ಒಂದನ್ನು ರಚಿಸಿದನು. ಅದನ್ನು ಬಳಸಿದವರು ಸುಮಾರು 2 ಲಕ್ಷ 70 ಸಾವಿರ ಮಂದಿ. ಆದರೆ ಅದರ ಮೂಲಕ 8 ಕೋಟಿ 70 ಲಕ್ಷ ಜನರವರೆಗಿನ ವಿವರಗಳು ‘ಕೇಂಬ್ರಿಜ್ ಅನಲಿಟಿಕಾ’ ಎಂಬ ಚುನಾವಣಾ ಸಲಹಾ ಸಂಸ್ಥೆಗೆ ಸೋರಿರಬಹುದೆಂದು 2018ರಲ್ಲಿ ಬಯಲಾಯಿತು. ಭಾರತದಲ್ಲಿ ಆ ಆ್ಯಪನ್ನು ಹಾಕಿಕೊಂಡವರು ಕೇವಲ 335 ಮಂದಿ. ಬಾಧಿತರಾಗಿರಬಹುದಾದವರೋ 5,62,455 ಮಂದಿ ಎಂದು ಫೇಸ್‌ಬುಕ್ ತಾನೇ ಲೆಕ್ಕ ಕೊಟ್ಟಿತು. ಗಡಿಯ ಈಚೆಯವರಿರಲಿ ಆಚೆಯವರಿರಲಿ, ಗೆಳೆಯನ ಒಂದು ಬೆರಳೊತ್ತಿಗೆ ನಾವು ಬೆಲೆ ತೆರಬೇಕಾಗಬಹುದು ಎಂಬುದಕ್ಕೆ ಈ ಎರಡು ಸಂಖ್ಯೆಗಳೇ ಸಾಕ್ಷಿ.

ಗೆಳೆಯರ ವಿವರ ಕೊಡುವ ಪದ್ಧತಿಯನ್ನು ಕಂಪೆನಿಯು 2014ರ ಏಪ್ರಿಲಿನಲ್ಲಿಯೇ ಕೈಬಿಟ್ಟಿತ್ತಾದರೂ ಹಳೆಯ ಆ್ಯಪ್‌ಗಳಿಗೆ ಒಂದು ವರ್ಷದ ಗಡುವಿತ್ತು. ಸೋರಿದ ನೀರನ್ನು ಮರಳಿ ತುಂಬುವುದಂತೂ ಸಾಧ್ಯವಿರಲಿಲ್ಲ. 2019ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 500 ಕೋಟಿ ಡಾಲರುಗಳ ದಂಡ ವಿಧಿಸಿತು. ಅದೇ ವರ್ಷ ಕಂಪೆನಿಯು ಸಾವಿರಾರು ಆ್ಯಪ್‌ಗಳನ್ನು ಅಮಾನತಿನಲ್ಲಿರಿಸಿತು.

ಎರಡೂ ಕಡೆಯ ನ್ಯಾಯ

ಹಾಗಾದರೆ ತಂತ್ರಜ್ಞರಿಗೆ ಅನುಕೂಲ ಮಾಡಿಕೊಡುವುದೇ ತಪ್ಪೆ? ಅಲ್ಲ. ಅವರಿಗೆ ಬೇಕಾದುದು ತಿಳಿಯಾಗಿ ಬರೆದ ಕೈಪಿಡಿ, ಮೊದಲೇ ಗೊತ್ತಾದ ಸುಂಕ, ನಿಯಮ ಬದಲಾಗುವುದಕ್ಕೆ ಮುನ್ನ ಸಾಕಷ್ಟು ಕಾಲಾವಕಾಶ. ಇದನ್ನರಿತೇ ಫೇಸ್‌ಬುಕ್ 2014ರಲ್ಲಿ ಎಪಿಐಯ ಮುಖ್ಯ ಭಾಗಗಳನ್ನು ಎರಡು ವರ್ಷ ಕದಲಿಸುವುದಿಲ್ಲವೆಂದು ಮಾತು ಕೊಟ್ಟಿತು. ಬಳಕೆದಾರರಿಗೆ ಬೇಕಾದುದು, ಕೆಲಸಕ್ಕೆ ಅಗತ್ಯವಾದಷ್ಟನ್ನೇ ಕೇಳುವ ಸೌಜನ್ಯ ಮತ್ತು ಕೊಟ್ಟ ಒಪ್ಪಿಗೆಯನ್ನು ಸುಲಭವಾಗಿ ಹಿಂತೆಗೆಯುವ ಹಕ್ಕು. ಈ ಎರಡೂ ಒಂದಕ್ಕೊಂದು ವಿರೋಧವಲ್ಲ. ಬಳಕೆದಾರನ ನಂಬಿಕೆ ಕೆಟ್ಟಾಗ ಪ್ರಾಮಾಣಿಕ ತಂತ್ರಜ್ಞನ ದುಡಿಮೆಯೂ ಕಳ್ಳನದರೊಡನೆಯೇ ಅನುಮಾನಕ್ಕೆ ಒಳಗಾಗುತ್ತದೆ.

ಒಡೆಯನ ಕರ್ತವ್ಯವೆಷ್ಟೇ ಇದ್ದರೂ ಗಿರಾಕಿಯ ಎಚ್ಚರವೂ ಬೇಕು. ಟಾರ್ಚಿನ ಬೆಳಕು ಕೊಡುವ ಆ್ಯಪಿಗೆ ನಮ್ಮ ಬಂಧುಬಳಗದ ದೂರವಾಣಿ ಸಂಖ್ಯೆಗಳೇಕೆ? ಮೊಬೈಲಿನ ಸೆಟ್ಟಿಂಗ್ಸಿನಲ್ಲಿ ಯಾವ ಆ್ಯಪಿಗೆ ಏನೇನು ಅನುಮತಿಯಿದೆ ಎಂಬ ಪಟ್ಟಿಯಿರುತ್ತದೆ. ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಅದನ್ನೊಮ್ಮೆ ಓದಿ, ಬೇಡದುದನ್ನು ತೆಗೆದುಹಾಕಿರಿ. ಅಲ್ಲಿ ಒತ್ತುವ ‘ಒಪ್ಪಿಗೆ’ ನಮ್ಮೊಬ್ಬರದೇ ಅಲ್ಲ, ನಮ್ಮನ್ನು ನಂಬಿದವರೆಲ್ಲರ ಪರವಾಗಿಯೂ ಹಾಕಿದ ರುಜು ಎಂಬುದನ್ನು ಅವರಿಗೂ ತಿಳಿಸಿರಿ.